ಕಾಸು, ಕ್ಯಾಶ್ ಮತ್ತು ಪೋರ್ಚುಗೀಸರು ಮಾಡಿಟ್ಟ ಗೊಂದಲ

ಇವತ್ತಿನ ಎಪಿಸೋಡ್ ಎರಡೇ ಅಕ್ಷರದ ಒಂದು ಪದದ ಬಗ್ಗೆ. ಕಾಸು.

ವಾಟ್ಸ್ಯಾಪ್‌ನಲ್ಲಿ ಈ ಫಾರ್ವರ್ಡ್ ನಿಮಗೂ ಬಂದಿರುತ್ತೆ: "ಇಂಗ್ಲಿಷಿನ ಕ್ಯಾಶ್ ನಮ್ಮ ಕಾಸಿನಿಂದಲೇ ಹುಟ್ಟಿದ್ದು, ಹೆಮ್ಮೆ ಇದ್ದರೆ ಶೇರ್ ಮಾಡಿ." ಕೆಳಗೆ ಕಾಮೆಂಟಲ್ಲಿ ಒಬ್ಬರು "ಅದು ತಮಿಳು ಪದ ಸ್ವಾಮಿ" ಅಂತಾರೆ, ಇನ್ನೊಬ್ಬರು "ಸಂಸ್ಕೃತ" ಅಂತಾರೆ, ಮೂರನೆಯವರು "ಇದೆಲ್ಲಾ ಸುಳ್ಳು, ಅದು ಲ್ಯಾಟಿನ್" ಅಂತಾರೆ. ತಮಾಷೆ ಏನಂದ್ರೆ, ಇವರೆಲ್ಲರ ಕೈಯಲ್ಲೂ ಸತ್ಯದ ಒಂದೊಂದು ಚೂರಿದೆ. ನಾನು ಬಿ.ಕಾಂ. ಓದಿದವನು, ಮೂರು ವರ್ಷ ಕ್ಯಾಶ್ ಬುಕ್ ಬರೆದಿದ್ದೇನೆ. ಆ ಹೆಡಿಂಗ್ ಎಲ್ಲಿಂದ ಬಂತು ಅಂತ ಯಾವ ಮೇಷ್ಟ್ರೂ ಹೇಳಲಿಲ್ಲ. ಹಾಗಾಗಿ ಈ ಲೆಕ್ಕ ನಾವೇ ಟ್ಯಾಲಿ ಮಾಡೋಣ.

ಮೊದಲು ಒಂದು ವಿಷಯ. ಇಂಗ್ಲಿಷಿನಲ್ಲಿ ಕ್ಯಾಶ್ ಅನ್ನೋದು ಒಂದು ಪದ ಅಲ್ಲ, ಎರಡು. ಸ್ಪೆಲಿಂಗ್ ಒಂದೇ, ಉಚ್ಚಾರ ಒಂದೇ, ವಂಶ ಬೇರೆ. ಆಕ್ಸ್‌ಫರ್ಡ್ ನಿಘಂಟು ಎರಡಕ್ಕೂ ಬೇರೆ ಬೇರೆ ನಮೂದು ಕೊಟ್ಟಿದೆ. ಎರಡೂ ಇಂಗ್ಲಿಷಿಗೆ ಹೆಚ್ಚುಕಡಿಮೆ ಒಂದೇ ಕಾಲಕ್ಕೆ, 16ನೇ ಶತಮಾನದ ಕೊನೆಯ ಹೊತ್ತಿಗೆ ಬಂದವು. ಗೊಂದಲ ಆಗದೆ ಇರುತ್ತಾ?

ಇದು ವಿಚಿತ್ರ ಅನ್ನಿಸಿದರೆ ನಮ್ಮ ಕನ್ನಡವನ್ನೇ ನೋಡಿ. "ಹಾಲು ಕಾಸು" ಅಂದಾಗ ಇರೋ ಕಾಸು ಬೇರೆ, "ಜೇಬಲ್ಲಿ ಕಾಸಿಲ್ಲ" ಅಂದಾಗ ಇರೋದು ಬೇರೆ. ಹಾಲು ಕಾಸುವುದರಿಂದ ದುಡ್ಡು ಹುಟ್ಟಿತು ಅಂತ ಯಾರೂ ಫಾರ್ವರ್ಡ್ ಮಾಡಲ್ಲ.

ಈಗ ಮೊದಲನೇ ಕ್ಯಾಶ್. ಎಟಿಎಂನಿಂದ ಬರೋದು, ಕ್ಯಾಶಿಯರ್ ಎಣಿಸೋದು, ನಾನು ಕ್ಯಾಶ್ ಬುಕ್ಕಿಗೆ ಹಾಕಿದ್ದು ಎಲ್ಲಾ ಇದೇ. ಇದರ ಮೂಲ ಲ್ಯಾಟಿನ್ನಿನ ಕಾಪ್ಸಾ. ಅರ್ಥ, ಪೆಟ್ಟಿಗೆ. ಅದು ಇಟಾಲಿಯನ್ನಿನಲ್ಲಿ ಕಾಸ್ಸಾ ಆಯ್ತು, ಫ್ರೆಂಚಿನಲ್ಲಿ ಕೇಸ್ ಆಯ್ತು, ಅಲ್ಲಿಂದ ಇಂಗ್ಲಿಷಿಗೆ ಬಂತು. ಶುರುವಿನಲ್ಲಿ ಕ್ಯಾಶ್ ಅಂದ್ರೆ ದುಡ್ಡಿಡುವ ಪೆಟ್ಟಿಗೆ. ಆಮೇಲೆ ಪೆಟ್ಟಿಗೆಯ ಹೆಸರು ಒಳಗಿದ್ದ ದುಡ್ಡಿಗೇ ಅಂಟಿಕೊಂಡಿತು. ನಮ್ಮ ಅಂಗಡಿಗಳ ಗಲ್ಲಾಪೆಟ್ಟಿಗೆ ಇದೆಯಲ್ಲ, "ಗಲ್ಲಾ ಎಷ್ಟಾಯ್ತು?" ಅಂದ್ರೆ ಕಲೆಕ್ಷನ್ ಎಷ್ಟು ಅಂತ ತಾನೇ? ಅದೇ ದಾರಿ. ಡಬಲ್ ಎಂಟ್ರಿ ಲೆಕ್ಕವನ್ನು ಮೊದಲು ಅಚ್ಚಿನಲ್ಲಿ ವಿವರಿಸಿದ ಲೂಕಾ ಪಾಚಿಯೋಲಿ, 1494ರಲ್ಲಿ ವೆನಿಸ್‌ನಲ್ಲಿ ತಂದ ಪುಸ್ತಕದಲ್ಲಿ ನಗದಿನ ಖಾತೆಗೆ ಕಾಸ್ಸಾ ಅಂತಲೇ ಕರೆದ. ಜರ್ಮನಿಯಲ್ಲಿ ಓದ್ತಾ ಇರೋ ಕೇಳುಗರಿಗೆ ಸೂಪರ್‌ಮಾರ್ಕೆಟ್ ಬಿಲ್ಲಿಂಗ್ ಕೌಂಟರ್ ಮೇಲೆ "ಕಾಸ್ಸೆ" ಅನ್ನೋ ಬೋರ್ಡ್ ಕಂಡಿರುತ್ತೆ. ಕಾಸು ಕೊಡೋ ಜಾಗಕ್ಕೆ ಕಾಸ್ಸೆ, ಎಷ್ಟು ಚೆನ್ನಾಗಿ ಹೊಂದುತ್ತೆ ಅನ್ನಿಸುತ್ತೆ. ಹೊಂದುತ್ತೆ, ಆದ್ರೆ ನೆಂಟಸ್ತಿಕೆ ಇಲ್ಲ. ಅದು ಪೆಟ್ಟಿಗೆಯ ಸಂತಾನ.

ಹಾಗಾದ್ರೆ ಫಾರ್ವರ್ಡ್ ಸುಳ್ಳಾ? ಸ್ವಲ್ಪ ತಡೀರಿ, ಎರಡನೇ ಕ್ಯಾಶ್ ಇನ್ನೂ ಇದೆ.

ಕಾಸು ಕನ್ನಡ, ತಮಿಳು, ತೆಲುಗು, ತುಳು ಎಲ್ಲದರಲ್ಲೂ ಇದೆ. ಸಿಂಹಳದಲ್ಲಿ ಈಗಲೂ ನಾಣ್ಯಕ್ಕೆ ಕಾಸಿ ಅಂತಾರೆ. ಸಂಸ್ಕೃತದಲ್ಲಿ ತೂಕದ ಹೆಸರಾದ ಕರ್ಷದಿಂದ ಇದು ಬಂತು ಅನ್ನೋದು ಒಂದು ವಾದ. ಬರೋ ಮತ್ತು ಎಮೆನೊ ತಮ್ಮ ದ್ರಾವಿಡ ನಿಘಂಟಿನಲ್ಲಿ ಇದನ್ನು ಸೇರಿಸಿಕೊಂಡಿದ್ದಾರೆ. ವಿದ್ವಾಂಸರ ಆ ಜಗಳ ಅಲ್ಲೇ ಇರಲಿ. ನನಗೆ ಅದಕ್ಕಿಂತ ರುಚಿ ಅನ್ನಿಸಿದ್ದು ಕಾಸಿನ ಬೆಲೆ ಕುಸಿದ ಕಥೆ. ಸಾವಿರ ವರ್ಷದ ಹಿಂದೆ, ರಾಜರಾಜ ಚೋಳನ ಕಾಲದ ತಂಜಾವೂರು ಶಾಸನಗಳಲ್ಲಿ ಬರುವ ಕಾಸು ಚಿನ್ನದ್ದು. ಯುರೋಪಿನವರು ಬರೋ ಹೊತ್ತಿಗೆ ಅದೇ ಹೆಸರು ತಾಮ್ರದ ಅತಿ ಸಣ್ಣ ನಾಣ್ಯಕ್ಕೆ ಇಳಿದಿತ್ತು. ಪದ ಉಳೀತು, ಚಿನ್ನ ಹೋಯ್ತು. ಅಜ್ಜಿಯಂದಿರ ಕಾಸಿನ ಸರದಲ್ಲಿ ಮಾತ್ರ ಹಳೇ ಮರ್ಯಾದೆ ಉಳಿದುಕೊಂಡಿದೆ. ಉಳಿದಂತೆ ಪುಡಿಗಾಸು, ಬಿಡಿಗಾಸು, ಚಿಕ್ಕಾಸು. ಬೈಯೋಕೆ ಬೇಕಾದಾಗ ಮೂರು ಕಾಸು.

ಈ ಪುಟ್ಟ ನಾಣ್ಯವನ್ನು ನಮ್ಮ ಕರಾವಳಿಗಳಲ್ಲಿ ವ್ಯಾಪಾರಕ್ಕೆ ಬಂದವರೆಲ್ಲ ಕಿವಿಗೆ ಬಿದ್ದ ಹಾಗೆ ಬರೆದುಕೊಂಡರು. ತರಂಗಂಬಾಡಿಯ ಡ್ಯಾನಿಶರು ಕಾಸ್ ಅಂದರು, ಪಾಂಡಿಚೇರಿಯ ಫ್ರೆಂಚರು ಕಾಶ್ ಅಂದರು. ಎಲ್ಲರಿಗಿಂತ ಮೊದಲು ಬಂದ ಪೋರ್ಚುಗೀಸರು ಮಾತ್ರ ಕೈಶಾ ಅಂತ ಬರೆದರು. ಯಡವಟ್ಟು ಇಲ್ಲೇ ಆಗಿದ್ದು. ಅವರ ಭಾಷೆಯಲ್ಲಿ ಕೈಶಾ ಅಂದ್ರೆ ಮೊದಲಿನಿಂದಲೂ ಪೆಟ್ಟಿಗೆ, ಅದೇ ಲ್ಯಾಟಿನ್ ಕಾಪ್ಸಾದಿಂದ ಬಂದದ್ದು! ನಮ್ಮ ಕಾಸಿಗೆ ಅವರು ಪೆಟ್ಟಿಗೆಯ ಅಂಗಿ ತೊಡಿಸಿಬಿಟ್ಟರು. ಅದನ್ನು ಇಂಗ್ಲಿಷರು ಎತ್ತಿಕೊಂಡು ಕ್ಯಾಶ್ ಮಾಡಿದರು. ಎರಡು ವಂಶಗಳು ಒಂದೇ ಸ್ಪೆಲಿಂಗಿಗೆ ಬಂದು ಕೂತವು.

ಪದ ಇಲ್ಲಿಗೇ ನಿಲ್ಲಲಿಲ್ಲ. ಇದೇ ವ್ಯಾಪಾರಿಗಳು ಪೂರ್ವಕ್ಕೆ ಹೋದಾಗ ಚೀನಾದ ನಾಣ್ಯ ಕಂಡರು. ದುಂಡಗೆ, ನಡುವೆ ಚೌಕಾಕಾರದ ತೂತು, ದಾರದಲ್ಲಿ ಪೋಣಿಸಿಡೋದು. ಚೀನೀಯರು ಅದಕ್ಕೆ ಹೇಳೋದು ಚಿಯೆನ್, ಎಣಿಸುವಾಗ ವೆನ್. ಬಂದವರು ಅದನ್ನೂ ಕ್ಯಾಶ್ ಅಂದುಬಿಟ್ಟರು. ಇವತ್ತಿಗೂ ಜಗತ್ತಿನ ಯಾವುದೇ ಮ್ಯೂಸಿಯಂನಲ್ಲಿ ಆ ನಾಣ್ಯದ ಇಂಗ್ಲಿಷ್ ಹೆಸರು ಚೈನೀಸ್ ಕ್ಯಾಶ್. ಅಂದ್ರೆ ಕ್ರಿ.ಪೂ. 221ರಲ್ಲಿ ಚೀನಾವನ್ನು ಒಂದು ಮಾಡಿದ ಚಕ್ರವರ್ತಿ ಛಿನ್ ಶಿ ಹುವಾಂಗ್‌ನ ನಾಣ್ಯವನ್ನು ಇಂಗ್ಲಿಷಿನವರು ದಕ್ಷಿಣ ಭಾರತದ ಹೆಸರಿಂದ ಕರೀತಾರೆ. ಆ ಫಾರ್ವರ್ಡ್ ಬರೆದ ಪುಣ್ಯಾತ್ಮ ಇದನ್ನು ಹಾಕಿದ್ರೆ ಎಷ್ಟು ಚೆನ್ನಾಗಿರ್ತಿತ್ತು!

ಕಾಸಿನ ಅತಿ ದೊಡ್ಡ ಪ್ರಯಾಣ ಬೇರೆ ಇದೆ. ಈಸ್ಟ್ ಇಂಡಿಯಾ ಕಂಪನಿ ಮದ್ರಾಸಿಗೆ ಬೇಕಾದ ತಾಮ್ರದ ನಾಣ್ಯಗಳನ್ನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರದ ಸೋಹೋ ಟಂಕಸಾಲೆಯಲ್ಲಿ, ಮ್ಯಾಥ್ಯೂ ಬೋಲ್ಟನ್‌ನ ಉಗಿಯಂತ್ರಗಳಲ್ಲಿ ಮಾಡಿಸ್ತಿತ್ತು. 1808ರ ಇಪ್ಪತ್ತು ಕಾಸಿನ ನಾಣ್ಯ ನೋಡಿ. ಒಂದು ಬದಿ ಕಂಪನಿಯ ಲಾಂಛನ. ಇನ್ನೊಂದು ಬದಿ ಪಾರ್ಸಿಯಲ್ಲಿ "ಇಪ್ಪತ್ತು ಕಾಸ್ ಅಂದರೆ ನಾಲ್ಕು ಫಲೂಸ್" ಎಂಬ ಒಕ್ಕಣೆ, ಅದರ ಕೆಳಗೆ ಇಂಗ್ಲಿಷಿನಲ್ಲಿ ಕ್ಯಾಶ್. ಒಂದೇ ಮುಖದ ಮೇಲೆ ಕಾಸ್ ಮತ್ತು ಕ್ಯಾಶ್! ಇದಕ್ಕಿಂತ ಸಾಕ್ಷಿ ಬೇಕಾ? ಈ ನಾಣ್ಯಗಳನ್ನು ಟನ್‌ಗಟ್ಟಲೆ ತುಂಬಿಕೊಂಡು ಹೊರಟ ಅಡ್ಮಿರಲ್ ಗಾರ್ಡ್‌ನರ್ ಹಡಗು 1809ರ ಜನವರಿಯಲ್ಲಿ ಬಿರುಗಾಳಿಗೆ ಸಿಕ್ಕಿ, ಇಂಗ್ಲೆಂಡ್ ತೀರದ ಗುಡ್‌ವಿನ್ ಮರಳುದಿಬ್ಬದಲ್ಲೇ ಮುಳುಗಿತು. 1980ರ ದಶಕದಲ್ಲಿ ಲಕ್ಷಗಟ್ಟಲೆ ನಾಣ್ಯ ಮೇಲೆತ್ತಿದರು. ಮದ್ರಾಸ್ ಸಂತೆಯಲ್ಲಿ ಸೊಪ್ಪು ಕೊಳ್ಳೋಕೆ ಅಂತ ಹುಟ್ಟಿದ ಕಾಸು, ಈಗ ನಾಣ್ಯಸಂಗ್ರಾಹಕರ ಪುಟ್ಟ ಡಬ್ಬಿಗಳಲ್ಲಿ ಕೂತಿದೆ.

ನಮ್ಮ ಮೈಸೂರೂ ಹಿಂದೆ ಬಿದ್ದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯದ ಒಂದು ಬದಿ ಆನೆ. ಇನ್ನೊಂದು ಬದಿ ಕನ್ನಡದಲ್ಲಿ "ಮಯಿಲಿ ಕಾಸು", ಜೊತೆಗೇ ಇಂಗ್ಲಿಷಿನಲ್ಲಿ ಕ್ಯಾಶ್. ಪಕ್ಕದ ತಿರುವಾಂಕೂರಿನಲ್ಲಂತೂ 1949ರವರೆಗೆ ಕಾಸು ಚಲಾವಣೆಯಲ್ಲಿತ್ತು. 16 ಕಾಸಿಗೆ ಒಂದು ಚಕ್ರಂ, 28 ಚಕ್ರಂಗೆ ಒಂದು ರೂಪಾಯಿ. ಗುಣಿಸಿದರೆ 448 ಕಾಸು. ಕ್ಯಾಲ್ಕುಲೇಟರ್ ಇಲ್ಲದ ಕಾಲದ ಅಂಗಡಿಯವರಿಗೆ ನನ್ನ ದೊಡ್ಡ ನಮಸ್ಕಾರ.

ಹಾಗಾಗಿ ಮುಂದಿನ ಸಲ ಆ ಫಾರ್ವರ್ಡ್ ಬಂದ್ರೆ "ಯಾವ ಕ್ಯಾಶ್?" ಅಂತ ಕೇಳಿ. ಎಟಿಎಂದು ಲ್ಯಾಟಿನ್ ಪೆಟ್ಟಿಗೆ, ನಾಣ್ಯದ್ದು ನಮ್ಮದು. ನಮ್ಮದು ಅಂದ್ರೆ ಕನ್ನಡಿಗರೊಬ್ಬರದೇ ಅಲ್ಲ. ಪೋರ್ಚುಗೀಸರ ಕಿವಿಗೆ ಬಿದ್ದದ್ದು ತಮಿಳಿನ ಕಾಸು ಅಂತಾವೆ ನಿಘಂಟುಗಳು. ಒಂದೇ ಪದ ನಾಲ್ಕು ಮನೆಯದಾಗಿರುವಾಗ ಅದಕ್ಕೆ ಜಗಳ ಆಡೋದು ನನಗಂತೂ ಸರಿ ಕಾಣಲ್ಲ.

ಇನ್ನೊಂದು ಹೇಳಿ ಮುಗಿಸ್ತೀನಿ. ಹಳೇ ಮದ್ರಾಸ್ ಲೆಕ್ಕದಲ್ಲಿ 80 ಕಾಸಿಗೆ ಒಂದು ಫನಂ, 42 ಫನಂಗೆ ಒಂದು ವರಾಹ. ಇಂಗ್ಲಿಷರ ಈ ಫನಂ ತಮಿಳಿನ ಪಣಂ. ಕನ್ನಡದಲ್ಲಿ ಪಕಾರ ಹಕಾರ ಆಗುತ್ತಲ್ಲ, ಪಾಲು ಹಾಲಾದ ಹಾಗೆ? ಪಣ ಹಣ ಆಯ್ತು. ಅಂದ್ರೆ ಹಣ ಅನ್ನೋದೂ ಒಂದು ನಾಣ್ಯದ ಹೆಸರೇ. ಬಜೆಟ್ ದಿನ ಟಿವಿಯಲ್ಲಿ "ಹಣಕಾಸು ಸಚಿವರು" ಅಂತಾರಲ್ಲ, ಅದರಲ್ಲಿ ಎರಡು ಹಳೇ ನಾಣ್ಯಗಳಿವೆ, ಒಂದು ಇನ್ನೊಂದರ 80 ಪಟ್ಟು.