ನಾರುಹುಣ್ಣಿಗೆ ಆಸರೆಯಾದ ಮೆಟ್ಟಿಲುಬಾವಿ

ರಾಯಚೂರು, ಕಲಬುರ್ಗಿ ಸೀಮೆಯ ಹಳ್ಳಿಗಳನ್ನು ಕಾಡುತ್ತಿದ್ದ ನಾರುಹುಣ್ಣು ತೊಲಗಿದ್ದು ಔಷಧದಿಂದಲ್ಲ. ಅದಕ್ಕೆ ಮದ್ದೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಹುಣ್ಣಿನಿಂದ ಹೊರಗೆ ತಲೆ ಹಾಕಿದ ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯುವುದೊಂದೇ ಉಪಾಯ. ಒಂದು ಮೀಟರಿನವರೆಗೂ ಬೆಳೆಯುವ ಹೆಣ್ಣು ಹುಳು ಕಾಲಿನಲ್ಲಿ ಬೊಬ್ಬೆ ಎಬ್ಬಿಸುತ್ತದೆ. ಉರಿ ತಾಳಲಾರದೆ ರೋಗಿ ಕಾಲನ್ನು ನೀರಿಗಿಟ್ಟರೆ ಹುಳು ಸಾವಿರಾರು ಮರಿಗಳನ್ನು ಹೊರಹಾಕುತ್ತದೆ. ಆ ಮರಿಗಳು ಸೈಕ್ಲಾಪ್ಸ್ ಎಂಬ ಪುಟ್ಟ ನೀರುಜೀವಿಯೊಳಗೆ ಬೆಳೆಯುವುದನ್ನು ರಷ್ಯದ ವಿಜ್ಞಾನಿ ಅಲೆಕ್ಸಿ ಫೆಡ್ಚೆಂಕೊ ತುರ್ಕಸ್ತಾನದಲ್ಲಿ 1870ರ ಸುಮಾರಿಗೇ ಕಂಡಿದ್ದ. ಅಂಥ ನೀರು ಕುಡಿದವರಿಗೆ ವರ್ಷದ ಬಳಿಕ ಹುಣ್ಣು. ಹಾಗಾಗಿ ರೋಗದ ಚರಿತ್ರೆಯನ್ನು ದೇಹಕ್ಕಿಂತ ಬಾವಿಯ ಕಟ್ಟಡದಲ್ಲೇ ಓದಬೇಕು. ಹಗ್ಗದಿಂದ ಸೇದುವ ಬಾವಿಯಲ್ಲಿ ಕಾಲು ನೀರಿಗೆ ತಾಗುವುದಿಲ್ಲ. ಮೆಟ್ಟಿಲಿಳಿದು ಕೊಡ ತುಂಬುವಲ್ಲಿ ಹುಳುವಿನ ಎರಡೂ ಆತಿಥೇಯರು, ಮನುಷ್ಯ ಮತ್ತು ಸೈಕ್ಲಾಪ್ಸ್, ದಿನವೂ ಎದುರಾಗುತ್ತಾರೆ. ನಾವು ಇಂದು ಫೋಟೋ ತೆಗೆದು ಮೆಚ್ಚುವ ಶಿಲ್ಪದ ಇನ್ನೊಂದು ಮುಖವಿದು.

ಬೋರ್‌ವೆಲ್ ಬಂದ ಮೇಲೆ ರೋಗ ತಾನಾಗಿಯೇ ಹೋಗುತ್ತಿತ್ತು ಎನ್ನುವವರಿದ್ದಾರೆ. ಇದು ಅರ್ಧ ಸರಿ. ಕೈಪಂಪು ಕೆಟ್ಟರೆ ಊರು ಮತ್ತೆ ಹಳೆಯ ಬಾವಿಗೇ ಇಳಿಯುತ್ತದೆ. ಒಬ್ಬ ರೋಗಿ ಇಳಿದರೂ ಸಾಕು. ಆದ್ದರಿಂದಲೇ 1980ರ ದಶಕದ ರಾಷ್ಟ್ರೀಯ ಕಾರ್ಯಕ್ರಮ ನೀರಿಗೆ ಸೈಕ್ಲಾಪ್ಸ್ ಕೊಲ್ಲುವ ಟೆಮೆಫೋಸ್ ಹಾಕಿತು, ಬಟ್ಟೆಯಲ್ಲಿ ಸೋಸುವುದನ್ನು ರೂಢಿಸಿತು, ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕಿತು. ಭಾರತದ ಕೊನೆಯ ಪ್ರಕರಣ ರಾಜಸ್ಥಾನದಲ್ಲಿ, 1996ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2000ದಲ್ಲಿ ದೇಶವನ್ನು ರೋಗಮುಕ್ತವೆಂದು ಸಾರಿತು. ಆದರೆ ಆಫ್ರಿಕಾದ ಚಾಡ್ ದೇಶದಲ್ಲಿ ಇದೇ ಹುಳು ನಾಯಿಗಳಲ್ಲೂ ಕಾಣಿಸಿಕೊಂಡಿದ್ದು, ಅಲ್ಲಿ ಕೆಲಸ ಇನ್ನೂ ಮುಗಿದಿಲ್ಲ.