ರಕ್ತದ ಆಕರಕೋಶ ಕಸಿ: ಔಷಧದಷ್ಟೇ ಮುಖ್ಯ ಗುಣಮಟ್ಟ

ಲ್ಯುಕೇಮಿಯಾ, ಥಲಸ್ಸೇಮಿಯಾ, ಅಪ್ಲಾಸ್ಟಿಕ್ ಅನೀಮಿಯಾ ಮುಂತಾದ ರೋಗಗಳಿಗೆ ರಕ್ತದ ಆಕರಕೋಶ (ಸ್ಟೆಮ್ ಸೆಲ್) ಕಸಿ ಇಂದು ಅಂಗೀಕೃತ ಚಿಕಿತ್ಸೆ. ಜನಸಾಮಾನ್ಯರ ಮಾತಿನಲ್ಲಿ ಇದಕ್ಕೆ 'ಬೋನ್ ಮ್ಯಾರೋ' ಕಸಿ ಎಂಬ ಹೆಸರೇ ಉಳಿದಿದೆ. ರೋಗಿ ಬದುಕುಳಿಯುವುದು ಔಷಧ ಮತ್ತು ದಾನಿಯ ಮೇಲೆ ಮಾತ್ರವಲ್ಲ, ಕಸಿ ಕೇಂದ್ರದ ಶಿಸ್ತಿನ ಮೇಲೂ ಅವಲಂಬಿಸಿದೆ ಎಂಬುದನ್ನು ಸಂಶೋಧನೆಗಳು ತೋರಿಸಿವೆ.

ಹಿನ್ನೆಲೆ

ಅಮೆರಿಕದ ವೈದ್ಯ ಡಾ. ಇ. ಡೊನಾಲ್ ಥಾಮಸ್ 1957ರಲ್ಲಿ ಆರು ರೋಗಿಗಳಿಗೆ ಅಸ್ಥಿಮಜ್ಜೆ ನೀಡಿದ ವರದಿ ಪ್ರಕಟಿಸಿದರು. ಅವರಲ್ಲಿ ಯಾರೂ ಹೆಚ್ಚು ಕಾಲ ಬದುಕಲಿಲ್ಲ. ದಾನಿ ಮತ್ತು ರೋಗಿಯ ಅಂಗಾಂಶ ಹೊಂದಾಣಿಕೆಯ (ಎಚ್‌ಎಲ್‌ಎ) ರಹಸ್ಯ ಬಿಡಿಸಿಕೊಂಡ ನಂತರವೇ ಚಿಕಿತ್ಸೆ ಫಲ ನೀಡತೊಡಗಿತು. ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಭಾರತದಲ್ಲಿ ಮೊದಲ ಕಸಿ 1983ರಲ್ಲಿ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ನಡೆಯಿತು. 2012ರ ಅಂತ್ಯದ ವೇಳೆಗೆ ವಿಶ್ವದಾದ್ಯಂತ ನಡೆದ ಕಸಿಗಳ ಸಂಖ್ಯೆ 10 ಲಕ್ಷ ಮುಟ್ಟಿತ್ತು.

ಮಾನದಂಡ ಏಕೆ?

ಕಸಿಗೆ ಮುನ್ನ ಪ್ರಬಲ ಔಷಧ ಅಥವಾ ವಿಕಿರಣದಿಂದ ರೋಗಿಯ ಮಜ್ಜೆಯನ್ನು ಬರಿದು ಮಾಡಲಾಗುತ್ತದೆ. ಆ ಬಳಿಕ ಹಿಂದೆ ಸರಿಯುವಂತಿಲ್ಲ. ದಾನಿಯ ಕೋಶಗಳು ತಡವಾದರೆ, ಕೆಟ್ಟರೆ ಅಥವಾ ಚೀಲದ ಮೇಲಿನ ಹೆಸರು ಅದಲುಬದಲಾದರೆ ರೋಗಿಯ ಜೀವಕ್ಕೇ ಕುತ್ತು. ಕೋಶಗಳ ಪ್ರಮಾಣವೂ ಮುಖ್ಯ. ರೋಗಿಯ ದೇಹತೂಕದ ಪ್ರತಿ ಕಿಲೋಗೆ ಕನಿಷ್ಠ 20 ಲಕ್ಷ 'ಸಿಡಿ34' ಕೋಶಗಳಿರಬೇಕು ಎಂಬುದು ಸಾಮಾನ್ಯವಾಗಿ ಪಾಲಿಸುವ ಮಿತಿ.

ಈ ಕಾರಣಕ್ಕಾಗಿಯೇ ಅಮೆರಿಕದಲ್ಲಿ 1996ರಲ್ಲಿ 'ಫ್ಯಾಕ್ಟ್', ಯೂರೋಪಿನಲ್ಲಿ 1998ರಲ್ಲಿ 'ಜೇಸಿ' ಎಂಬ ಮಾನ್ಯತಾ ವ್ಯವಸ್ಥೆಗಳು ರೂಪುಗೊಂಡವು. ಕೋಶ ಸಂಗ್ರಹ, ಪ್ರಯೋಗಾಲಯದ ಸಂಸ್ಕರಣೆ, ವಾರ್ಡಿನ ಚಿಕಿತ್ಸೆ, ಈ ಮೂರೂ ಹಂತಗಳು ಅವುಗಳ ತಪಾಸಣೆಗೆ ಒಳಪಡುತ್ತವೆ. ಪ್ರತಿ ಕೆಲಸಕ್ಕೂ ಲಿಖಿತ ವಿಧಾನ, ಸಿಬ್ಬಂದಿಗೆ ತರಬೇತಿ, ತಪ್ಪು ಘಟಿಸಿದಾಗ ಮುಚ್ಚಿಡದೆ ದಾಖಲಿಸಿ ಕಾರಣ ಹುಡುಕುವುದು, ದಾನಿಯಿಂದ ರೋಗಿಯವರೆಗೆ ಕೋಶಗಳ ಜಾಡು ತಪ್ಪದಂತೆ ನೋಡಿಕೊಳ್ಳುವುದು ಕಡ್ಡಾಯ.

ಸಂಶೋಧನೆಯ ಪುರಾವೆ

ಇದೆಲ್ಲ ಬರೀ ಕಾಗದಪತ್ರದ ಕೆಲಸವೇ ಎಂಬ ಶಂಕೆಗೆ 2011ರಲ್ಲಿ ಉತ್ತರ ದೊರೆಯಿತು. 1999ರಿಂದ 2006ರವರೆಗೆ ಯೂರೋಪಿನ ಕಸಿ ಜಾಲದ 421 ತಂಡಗಳಲ್ಲಿ ಚಿಕಿತ್ಸೆ ಪಡೆದ 1,07,904 ರೋಗಿಗಳ ದಾಖಲೆಗಳನ್ನು ಸಂಶೋಧಕರು ಪರಿಶೀಲಿಸಿದರು. ಮಾನ್ಯತೆಯ ಹಾದಿಯಲ್ಲಿ ಮುಂದೆ ಸಾಗಿದ ಕೇಂದ್ರಗಳಲ್ಲಿ ಫಲಿತಾಂಶ ಉತ್ತಮವಾಗಿತ್ತು. ಕಸಿ ನಡೆದ ವರ್ಷ ಹಾಗೂ ರೋಗಿಯ ಅಪಾಯದ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ವ್ಯತ್ಯಾಸ ಉಳಿಯಿತು.

ಇಂಥ ಅಧ್ಯಯನ ಸಾಧ್ಯವಾದದ್ದು ಆಸ್ಪತ್ರೆಗಳು ಪ್ರತಿ ರೋಗಿಯ ವಿವರವನ್ನು ಸಾಮಾನ್ಯ ದಾಖಲಾತಿಗೆ ಸಲ್ಲಿಸಿದ್ದರಿಂದ. ಅಮೆರಿಕದಲ್ಲಿ ದಾನಿಯಿಂದ ನಡೆಯುವ ಕಸಿಗಳ ಫಲಿತಾಂಶ ಸಂಗ್ರಹಕ್ಕೆ 2005ರ ಕಾನೂನು ಅಡಿಪಾಯ ಹಾಕಿತು. ಭಾರತದಲ್ಲಿಯೂ ಕಸಿ ನೋಂದಣಿ ಇದೆಯಾದರೂ ಕೇಂದ್ರಗಳು ಸ್ವಇಚ್ಛೆಯಿಂದ ಮಾಹಿತಿ ನೀಡುತ್ತವೆ.

ಭಾರತದ ಸ್ಥಿತಿ

ಒಡಹುಟ್ಟಿದ ಒಬ್ಬರ ಅಂಗಾಂಶ ಪೂರ್ಣ ಹೊಂದುವ ಸಾಧ್ಯತೆ ಶೇ. 25 ಮಾತ್ರ. ಉಳಿದವರಿಗೆ ಸ್ವಯಂಪ್ರೇರಿತ ದಾನಿಗಳೇ ಆಸರೆ. ವಿಶ್ವದ ನೋಂದಣಿಗಳಲ್ಲಿ 4 ಕೋಟಿಗೂ ಹೆಚ್ಚು ದಾನಿಗಳಿದ್ದರೂ ಜನಸಂಖ್ಯೆಗೆ ಹೋಲಿಸಿದರೆ ಭಾರತೀಯರ ಪಾಲು ಅತ್ಯಲ್ಪ. ಚೆನ್ನೈನ 'ದಾತ್ರಿ' ಹಾಗೂ ಬೆಂಗಳೂರಿನಲ್ಲಿರುವ ಡಿಕೆಎಂಎಸ್ ಸಂಸ್ಥೆಯ ಭಾರತ ಘಟಕ ಈ ಕೊರತೆ ನೀಗಿಸಲು ಶ್ರಮಿಸುತ್ತಿವೆ. ಅರ್ಧ ಹೊಂದಾಣಿಕೆಯ ತಂದೆ, ತಾಯಿ ಅಥವಾ ಮಕ್ಕಳಿಂದ ಕೋಶ ಪಡೆದು, ಬಳಿಕ ಸೈಕ್ಲೋಫಾಸ್ಫಮೈಡ್ ಔಷಧ ನೀಡುವ ವಿಧಾನವೂ ಈಗ ಬಳಕೆಯಲ್ಲಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ಅಂಗೀಕೃತ ರೋಗಗಳಿಗೆ ನಡೆಸುವ ರಕ್ತದ ಆಕರಕೋಶ ಕಸಿಯನ್ನು ಬಿಟ್ಟು ಇತರ ಆಕರಕೋಶ ಪ್ರಯೋಗಗಳು ಅನುಮತಿ ಪಡೆದ ಸಂಶೋಧನೆಯ ಚೌಕಟ್ಟಿನಲ್ಲೇ ನಡೆಯಬೇಕು. 'ಸ್ಟೆಮ್ ಸೆಲ್' ಹೆಸರಿನಲ್ಲಿ ಸಕಲ ರೋಗಕ್ಕೂ ಪರಿಹಾರ ಸಾರುವ ಜಾಹೀರಾತುಗಳನ್ನು ಓದುವಾಗ ಇದನ್ನು ನೆನಪಿಡಬೇಕು.

ರೋಗಿಯ ಮನೆಯವರು ಕೇಂದ್ರವನ್ನು ಆಯ್ಕೆ ಮಾಡುವ ಮುನ್ನ ಖರ್ಚಿನ ಜೊತೆಗೆ ಮತ್ತೂ ಮೂರು ಪ್ರಶ್ನೆ ಕೇಳುವುದು ಒಳಿತು: ಇದೇ ರೋಗಕ್ಕೆ ಇಲ್ಲಿ ವರ್ಷಕ್ಕೆ ಎಷ್ಟು ಕಸಿ ನಡೆಯುತ್ತವೆ? ನೂರು ದಿನ ಹಾಗೂ ಒಂದು ವರ್ಷದ ನಂತರ ಬದುಕುಳಿದವರೆಷ್ಟು? ಈ ಅಂಕಿಅಂಶಗಳನ್ನು ಹೊರಗಿನ ಸಂಸ್ಥೆ ಪರಿಶೀಲಿಸಿದೆಯೇ?