ಮಿದುಳಿನ ನಂಟು ಮತ್ತು ಅಳತೆಗೋಲು

ಸಮ್ಮೇಳನದ ಸಭಾಂಗಣದಲ್ಲಿ ಸಾವಿರಾರು ಮಂದಿ ಕುಳಿತಿರುತ್ತಾರೆ. ಊಟದ ಪ್ರಕಟಣೆ ಬಂದೊಡನೆ ಮೊದಲ ಸಾಲಿನವರೂ ಕೊನೆಯ ಸಾಲಿನವರೂ ಒಂದೇ ಗಳಿಗೆಯಲ್ಲಿ ಏಳುತ್ತಾರೆ. ದೂರದಿಂದ ಕಂಡವರು ಇವರೆಲ್ಲ ಪರಸ್ಪರ ಮಾತನಾಡಿಕೊಂಡೇ ಎದ್ದರೆಂದು ಭಾವಿಸಿದರೆ ಅದು ತಪ್ಪು. ಎಲ್ಲರೂ ಓಗೊಟ್ಟದ್ದು ಬೇರೊಂದು ಕರೆಗೆ. ಮಿದುಳಿನ ಎರಡು ಭಾಗಗಳ ನಡುವೆ ಸಂಬಂಧವುಂಟೇ ಎಂದು ಕೇಳುವ ವಿಜ್ಞಾನದ ಮುಖ್ಯ ತೊಡಕು ಇದೇ. ಅಮೆರಿಕದಲ್ಲಿ ಸಂಖ್ಯಾಶಾಸ್ತ್ರಜ್ಞನಾಗಿ ಈ ಕ್ಷೇತ್ರದಲ್ಲಿ ದುಡಿದ ನಾನು, ಆ ತೊಡಕಿನ ಚರಿತ್ರೆಯನ್ನು, ನಾನು ಎಡವಿದ ಪ್ರಸಂಗವನ್ನೂ ಸೇರಿಸಿ, ಇಲ್ಲಿ ನಿವೇದಿಸುತ್ತಿದ್ದೇನೆ.

ಈ ಅಳತೆಗೋಲು ಮಿದುಳಿಗಾಗಿ ಹುಟ್ಟಿದುದಲ್ಲ. 1888ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಅವರು ಮನುಷ್ಯರ ಎತ್ತರ, ಮುಂಗೈಯ ಉದ್ದ ಮೊದಲಾದವನ್ನು ಹೋಲಿಸುತ್ತ ಸಹಸಂಬಂಧದ ಕಲ್ಪನೆಯನ್ನು ಮಂಡಿಸಿದರು. 1896ರಲ್ಲಿ ಕಾರ್ಲ್ ಪಿಯರ್ಸನ್ ಅವರು ಅದಕ್ಕೆ ಇಂದಿಗೂ ಬಳಕೆಯಲ್ಲಿರುವ ಗಣಿತರೂಪವನ್ನು ಕೊಟ್ಟರು. ಎಚ್ಚರಿಕೆಯ ಮಾತೂ ಬೇಗನೆ ಬಂದಿತು. 1926ರಲ್ಲಿ ಉಡ್ನಿ ಯೂಲ್ ಅವರು ಒಂದು ವಿಚಿತ್ರವನ್ನು ತೋರಿಸಿದರು. 1866ರಿಂದ 1911ರವರೆಗೆ ಇಂಗ್ಲೆಂಡಿನಲ್ಲಿ ಆಂಗ್ಲಿಕನ್ ಚರ್ಚಿನಲ್ಲಿ ನಡೆದ ಮದುವೆಗಳ ಪ್ರಮಾಣಕ್ಕೂ ಮರಣದ ಪ್ರಮಾಣಕ್ಕೂ ಇದ್ದ ಸಹಸಂಬಂಧ 0.95! ಎರಡೂ ಕಾಲಕ್ರಮದಲ್ಲಿ ಇಳಿಯುತ್ತಿದ್ದವು, ಅಷ್ಟೇ. ಕಾಲದೊಡನೆ ಸಾಗುವ ಸಂಖ್ಯೆಗಳು ಇಲ್ಲದ ನಂಟನ್ನು ತೋರಬಲ್ಲವು.

ಮಿದುಳಿನ ಸಂಕೇತಗಳೂ ಕಾಲದೊಡನೆ ಸಾಗುವಂಥವೇ. 1990ರಲ್ಲಿ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ ಸೇಜಿ ಒಗಾವಾ ಮತ್ತು ಸಂಗಡಿಗರು ರಕ್ತದ ಆಮ್ಲಜನಕದ ವ್ಯತ್ಯಾಸವನ್ನು ಎಂ.ಆರ್.ಐ. ಯಂತ್ರದಲ್ಲಿ ಗುರುತಿಸಬಹುದೆಂದು ತೋರಿಸಿದರು. 1995ರಲ್ಲಿ ಮಿಲ್ವಾಕಿಯಲ್ಲಿ ಭರತ್ ಬಿಸ್ವಾಲ್ ಮತ್ತು ಸಂಗಡಿಗರು, ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ಮಲಗಿದವರಲ್ಲಿಯೂ ಕೈಗಳನ್ನು ಆಡಿಸುವ ಎಡಬಲ ಭಾಗಗಳ ಸಂಕೇತಗಳು ಜೊತೆಯಾಗಿ ಏರಿಳಿಯುವುದನ್ನು ಕಂಡರು. ಇದು ಹೃದಯದ, ಉಸಿರಾಟದ ಸದ್ದಲ್ಲವೇ ಎಂದು ಅನೇಕರು ಸಂಶಯಪಟ್ಟರು. ಇಂಥ ಜೊತೆಯ ಏರಿಳಿತಕ್ಕೆ 'ಕ್ರಿಯಾತ್ಮಕ ಸಂಪರ್ಕ'ವೆಂದು ಹೆಸರು. ಒಂದು ಭಾಗವು ಇನ್ನೊಂದರ ಮೇಲೆ ಬೀರುವ ಪ್ರಭಾವವು ಬೇರೆಯೇ ಎಂದು ಲಂಡನ್ನಿನ ಕಾರ್ಲ್ ಫ್ರಿಸ್ಟನ್ ಅವರು ಆಗಲೇ ಸ್ಪಷ್ಟಪಡಿಸಿದ್ದರು.

ಅಲ್ಲಿಂದ ಅಳತೆಗಳ ಸಾಲು ಬೆಳೆಯಿತು. ಮೂರನೆಯ ಭಾಗದ ಪ್ರಭಾವವನ್ನು ಕಳೆದು ನೋಡುವುದು ಆಂಶಿಕ ಸಹಸಂಬಂಧ. ಆದರೆ ಭಾಗಗಳು ಹೆಚ್ಚಾಗಿ ದತ್ತಾಂಶ ಕಡಿಮೆಯಾದರೆ ಅದು ಕುಸಿಯುತ್ತದೆ. ಅರ್ಥಶಾಸ್ತ್ರಕ್ಕಾಗಿ 1969ರಲ್ಲಿ ಕ್ಲೈವ್ ಗ್ರೇಂಜರ್ ಅವರು ರೂಪಿಸಿದ ವಿಧಾನವು, ಒಂದರ ಹಿಂದಿನ ನಡೆಯಿಂದ ಇನ್ನೊಂದರ ಮುಂದಿನ ನಡೆಯನ್ನು ಊಹಿಸಬಹುದೇ ಎಂದು ಕೇಳುತ್ತದೆ. ಮಿದುಳಿನ ರಕ್ತಪ್ರವಾಹವಾದರೋ ಕೆಲವು ಸೆಕೆಂಡು ತಡವಾಗಿ ಬರುತ್ತದೆ, ಆ ತಡವೂ ಎಲ್ಲೆಡೆ ಒಂದೇ ಅಲ್ಲ. 2011ರಲ್ಲಿ ಆಕ್ಸ್‌ಫರ್ಡಿನ ಸ್ಟೀಫನ್ ಸ್ಮಿತ್ ಮತ್ತು ಸಂಗಡಿಗರು ನಂಟುಗಳು ಮೊದಲೇ ಗೊತ್ತಿದ್ದ ಕೃತಕ ದತ್ತಾಂಶದ ಮೇಲೆ ಈ ವಿಧಾನಗಳನ್ನು ಪರೀಕ್ಷಿಸಿದರು. ನಂಟನ್ನು ಗುರುತಿಸುವಲ್ಲಿ ಆಂಶಿಕ ಸಹಸಂಬಂಧ ಚೆನ್ನಾಗಿ ನಡೆಯಿತು. ಹಿಂದುಮುಂದನ್ನು ನೆಚ್ಚಿದ ವಿಧಾನಗಳು ಸೋತವು. ಇನ್ನೊಂದು ಬಲೆಯೂ ಉಂಟು: ಮಿದುಳನ್ನು 100 ಭಾಗ ಮಾಡಿದರೆ ಜೋಡಿಗಳು 4,950. ನೂರಕ್ಕೆ ಐದರ ಮಟ್ಟದಲ್ಲಿ ಪರೀಕ್ಷಿಸಿದರೆ ಸುಮಾರು 247 ಜೋಡಿಗಳು ಕೇವಲ ಆಕಸ್ಮಿಕವಾಗಿ ಗೆಲ್ಲುತ್ತವೆ.

ಇನ್ನು ನನ್ನ ಪ್ರಸಂಗ. ಒಂದು ಸಂಶೋಧನಾ ಕೇಂದ್ರದಲ್ಲಿ ಬೆಳವಣಿಗೆಯ ತೊಂದರೆಯಿದ್ದ ಮಕ್ಕಳ ಚಿತ್ರಗಳನ್ನು ಲೆಕ್ಕ ಹಾಕುತ್ತಿದ್ದೆ. ದೂರದ ಭಾಗಗಳ ನಂಟು ಅವರಲ್ಲಿ ಕ್ಷೀಣವೆಂದು ಕಂಡಿತು. ಒಬ್ಬ ತಾಯಿ, "ಹಾಗಾದರೆ ನನ್ನ ಮಗನ ಮಿದುಳಿನಲ್ಲಿ ತಂತಿ ಕಡಿದಿದೆಯೇ?" ಎಂದು ಕೇಳಿದರು. ನಾನು ಇರಬಹುದೆಂದೆ. 2012ರಲ್ಲಿ ಅಮೆರಿಕದ ಮೂರು ತಂಡಗಳು, ಯಂತ್ರದೊಳಗೆ ತಲೆ ಒಂದು ಮಿಲಿಮೀಟರಿಗಿಂತ ಕಡಿಮೆ ಅಲುಗಿದರೂ ದೂರದ ಸಹಸಂಬಂಧ ತಗ್ಗಿ ಹತ್ತಿರದ್ದು ಹೆಚ್ಚಬಲ್ಲುದೆಂದು ತೋರಿಸಿದವು. ಮಕ್ಕಳು ಅಲುಗಾಡುವರಲ್ಲವೇ! ಅಲುಗಿದ ಕ್ಷಣಗಳನ್ನು ತೆಗೆದು ಮತ್ತೆ ಲೆಕ್ಕ ಹಾಕಿದೆ; ನನ್ನ ವ್ಯತ್ಯಾಸದ ಬಹುಪಾಲು ಕರಗಿಹೋಯಿತು. ಸಿದ್ಧವಾಗಿದ್ದ ಲೇಖನವನ್ನು ಬದಿಗಿಟ್ಟು, ಆ ತಾಯಿಗೆ ಪತ್ರ ಬರೆದು ನನ್ನ ಮಾತನ್ನು ಹಿಂತೆಗೆದುಕೊಂಡೆ. ಬರೆದ ಪತ್ರಗಳಲ್ಲಿ ಅಷ್ಟು ಕಷ್ಟವಾದುದು ಇನ್ನೊಂದಿಲ್ಲ.

ಕನ್ನಡಿಗರಿಗೆ ಹೆಮ್ಮೆಯ ಒಂದು ಎಳೆಯೂ ಈ ಚರಿತ್ರೆಯಲ್ಲಿದೆ. ಇಬ್ಬರ ಮಿದುಳಿನ ನಂಟುಗಳ ಇಡೀ ಕೋಷ್ಟಕಗಳನ್ನು ಹೋಲಿಸಲು ಅವುಗಳ ನಡುವಿನ 'ದೂರ'ವನ್ನು ಅಳೆಯಬೇಕು. ಇಂದು ಬಳಸುವ ಅಂಥ ಒಂದು ಅಳತೆಯ ಬೇರು, ಸಿ. ಆರ್. ರಾವ್ ಅವರು 1945ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿದೆ. ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. 2023ರಲ್ಲಿ ಅಮೆರಿಕದಲ್ಲಿ ತೀರಿಕೊಂಡರು.

ಯಾವ ಅಳತೆ ಶ್ರೇಷ್ಠವೆಂದು ಕಿರಿಯರು ಈಗಲೂ ನನ್ನನ್ನು ಕೇಳುವುದುಂಟು. ಪ್ರತಿಯೊಂದು ಅಳತೆಯೂ ಒಂದು ಪ್ರಶ್ನೆ. ನಿಮ್ಮ ಪ್ರಶ್ನೆ ಯಾವುದೆಂದು ಮೊದಲು ನಿರ್ಧರಿಸಿ, ಫಲಿತಾಂಶ ಕಂಡ ಮೇಲೆ ಅಳತೆಯನ್ನು ಬದಲಿಸಬೇಡಿ ಎನ್ನುತ್ತೇನೆ. ಸಂಖ್ಯೆಯ ಆಚೆ ಉತ್ತರಕ್ಕಾಗಿ ಕಾದಿರುವ ತಾಯಿಯೊಬ್ಬಳಿರುತ್ತಾಳೆ.